ಕೋಲಾರದಿಂದ ಶ್ರೀಲಂಕಾಗೆ: ಮೊದಲು ಮಳೆ ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ

ಕೋಲಾರದಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಕಾರಲ್ಲಿ ಹೋಗಲು ಎಷ್ಟು ಹೊತ್ತು ಬೇಕೋ, ಹೆಚ್ಚೂಕಡಿಮೆ ಅಷ್ಟೇ ಹೊತ್ತಿನಲ್ಲಿ ಅಲ್ಲಿಂದ ಹೊರಟ ವಿಮಾನ ಕೊಲಂಬೊ ಮುಟ್ಟುತ್ತದೆ. ನೇರ ವಿಮಾನವಾದರೆ ಒಂದೂವರೆ ಗಂಟೆ ಆಸುಪಾಸು. ಗಡಿಯಾರ ತಿರುಗಿಸುವ ಗೋಜಿಲ್ಲ, ಅಲ್ಲೂ ನಮ್ಮದೇ ಸಮಯ. ಗಾಡಿಗಳೂ ಎಡಗಡೆಯೇ ಓಡುತ್ತವೆ. ಊಟಕ್ಕೆ ಅನ್ನ, ತೆಂಗಿನಕಾಯಿ, ಹಲಸಿನಕಾಯಿ. ರಾಗಿಯೂ ಇದೆ. ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ, ಅದರಲ್ಲೂ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ಇದಕ್ಕಿಂತ ಸಲೀಸಾದ ದೇಶ ಸಿಗುವುದು ಕಷ್ಟ.

ಆದರೆ ಪ್ಯಾಕೇಜ್ ಟೂರ್‌ನವರು ಕೊಡುವ ಪಟ್ಟಿ ನೋಡಿದ್ದೀರಾ? ಒಂದು ವಾರದಲ್ಲಿ ಇಡೀ ದ್ವೀಪ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ದೇವಸ್ಥಾನ, ರಾತ್ರಿ ಬೀಚು. ಭೂಪಟದಲ್ಲಿ ಶ್ರೀಲಂಕಾ ಚಿಕ್ಕದು, ಕರ್ನಾಟಕದ ಮೂರನೇ ಒಂದು ಪಾಲಷ್ಟೇ. ಅದನ್ನು ನೋಡಿ ಮೋಸ ಹೋಗಬೇಡಿ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ರಸ್ತೆ ಕಿರಿದು, ತಿರುವು ಜಾಸ್ತಿ. ಎಪ್ಪತ್ತು ಕಿಲೋಮೀಟರ್‌ಗೆ ಎರಡೂವರೆ ಗಂಟೆ ಹಿಡಿಯುವುದು ಅಲ್ಲಿ ಮಾಮೂಲು. ಹೀಗೆ ಸುತ್ತಿದವರು ಊರಿಗೆ ಬಂದು ಹೇಳುವುದು ವ್ಯಾನಿನ ಕಿಟಕಿಯಿಂದ ಕಂಡದ್ದನ್ನೇ.

ಅದಕ್ಕೇ ನನ್ನ ಸಲಹೆ ಬೇರೆ. ನೀವು ಹೋಗುವ ತಿಂಗಳಲ್ಲಿ ದ್ವೀಪದ ಯಾವ ಭಾಗದಲ್ಲಿ ಮಳೆ ಇಲ್ಲವೋ ಆ ಭಾಗ ಆರಿಸಿಕೊಳ್ಳಿ. ಎರಡು ಅಥವಾ ಮೂರು ಊರಲ್ಲಿ ಉಳಿಯಿರಿ. ಉಳಿದದ್ದನ್ನು ಇನ್ನೊಂದು ಸಲಕ್ಕೆ ಬಿಡಿ.

ಮೊದಲು ತಿಂಗಳು ಗೊತ್ತುಮಾಡಿ

ಶ್ರೀಲಂಕಾಗೆ ಎರಡು ಮುಂಗಾರು ಇವೆ ಅಂದುಕೊಳ್ಳಿ. ನೈಋತ್ಯ ಮಾರುತ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ, ಅಂದರೆ ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೂ, ಅದಕ್ಕೆ ತಾಗಿದ ಬೆಟ್ಟಗಳಿಗೂ ಸುರಿಯುತ್ತದೆ. ಆಗ ಪೂರ್ವದ ಟ್ರಿಂಕೋಮಲಿ ಕಡೆ ಬಿಸಿಲು, ಶಾಂತ ಸಮುದ್ರ. ಈಶಾನ್ಯ ಮಾರುತ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರ ಮತ್ತು ಪೂರ್ವಕ್ಕೆ ಮಳೆ ತರುತ್ತದೆ. ಆಗ ಗಾಲೆ ಕಡೆ ಒಳ್ಳೆಯ ಹವೆ. ನಡುವೆ ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲಿ ಬೇಕಾದರೂ ಮಳೆ ಬರಬಹುದು. ಚಂಡಮಾರುತಗಳ ಕಾಲವೂ ಅದೇ.

ಈಗ ಇದನ್ನು ನಮ್ಮ ಕ್ಯಾಲೆಂಡರ್ ಜೊತೆ ಇಟ್ಟು ನೋಡಿ.

ದಸರಾ ರಜೆ ಅಕ್ಟೋಬರ್ ಆಸುಪಾಸು ಬೀಳುತ್ತದೆ. ಮಕ್ಕಳಿಗೆ ರಜೆ ಸಿಕ್ಕಿತು ಅಂತ ಎಲ್ಲರೂ ಆಗಲೇ ಟಿಕೆಟ್ ತೆಗೆಯುತ್ತಾರೆ. ದ್ವೀಪಕ್ಕೆ ಅದು ಅಷ್ಟು ಒಳ್ಳೆಯ ಕಾಲವಲ್ಲ. ಹೋಗಲೇಬೇಕಾದರೆ ಬೀಚಿನ ಆಸೆ ಬಿಡಿ. ಸುತ್ತಾಟವನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ, ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ.

ಬೇಸಿಗೆ ರಜೆಯ ಏಪ್ರಿಲ್‌ನಲ್ಲಿ ಇನ್ನೊಂದು ತೊಡಕು. ಏಪ್ರಿಲ್ 13, 14ರ ಹೊತ್ತಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ. ಊರಿಗೆ ಊರೇ ಹಳ್ಳಿಗೆ ಹೊರಟಿರುತ್ತದೆ. ರೈಲು, ಬಸ್ಸು ತುಂಬಿ ತುಳುಕುತ್ತವೆ. ಅಂಗಡಿ, ಹೋಟೆಲ್ ಎಷ್ಟೋ ಕಡೆ ಬಾಗಿಲು ಹಾಕಿರುತ್ತವೆ. ತಂಪಾದ ಬೆಟ್ಟದೂರು ನುವರ ಎಲಿಯದಲ್ಲಂತೂ ಕಾಲಿಡಲು ಜಾಗವಿಲ್ಲ, ಬಾಡಿಗೆಯೂ ಏರಿರುತ್ತದೆ. ಅದೊಂದು ವಾರ ಬಿಟ್ಟು ಹೋಗಿ.

ಕ್ರಿಸ್‌ಮಸ್ ರಜೆಯಿಂದ ಮಾರ್ಚ್‌ವರೆಗೆ ಗಾಲೆ, ಮಿರಿಸ್ಸ, ಬೆಟ್ಟದ ಚಹಾ ತೋಟಗಳು, ಎಲ್ಲಕ್ಕೂ ಒಳ್ಳೆಯ ಕಾಲ. ಯುರೋಪಿನವರೂ ಆಗಲೇ ಬರುವುದರಿಂದ ರೂಮು ದುಬಾರಿ.

ಶ್ರೀನಿವಾಸಪುರ ಕಡೆಯ ಮಾವಿನ ತೋಟದವರಿಗೆ ನಾನು ಹೇಳುವುದು ಆಗಸ್ಟ್. ಮಂಡಿ ವ್ಯವಹಾರ ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಆಗ ದ್ವೀಪದ ನಡುಭಾಗದ ಒಣಭೂಮಿ, ಪೂರ್ವ ಕರಾವಳಿ ಎರಡೂ ಚೆನ್ನ. ಕ್ಯಾಂಡಿಯಲ್ಲಿ ಎಸಲ ಪೆರಹೆರ ಅನ್ನುವ ಮೆರವಣಿಗೆ ನಡೆಯುವುದೂ ಜುಲೈ, ಆಗಸ್ಟ್‌ನಲ್ಲೇ. ಮಿನ್ನೇರಿಯ ಕೆರೆಗೆ ಆನೆಗಳು ನೂರುಗಟ್ಟಲೆ ಸೇರುವ ಕಾಲವೂ ಅದೇ. ನನ್ನನ್ನು ಕೇಳಿದರೆ ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆಯವರಿಗೆ ಇದೇ ಸರಿಯಾದ ತಿಂಗಳು.

ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದವರು ಮೂರು ತಿಂಗಳು ಮೊದಲೇ ಅರ್ಜಿ ಹಾಕಿ. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ ಮಾಮೂಲಿ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ ಇನ್ನೂ 2,000. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಬೇಕೇ ಬೇಕು, ಬೇರೆ ದಾಖಲೆ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇದ್ದವರು ಅವಧಿ ನೋಡಿಕೊಳ್ಳಿ. ದ್ವೀಪಕ್ಕೆ ಇಳಿಯುವ ದಿನಕ್ಕೆ ಇನ್ನೂ ಆರು ತಿಂಗಳು ಉಳಿದಿರಬೇಕು.

ನಮ್ಮ ಕಡೆ ಹೆಸರಿನದ್ದೇ ದೊಡ್ಡ ರಾಮಾಯಣ. ಆಧಾರ್‌ನಲ್ಲಿ ಇನಿಷಿಯಲ್, ಮಾರ್ಕ್ಸ್ ಕಾರ್ಡ್‌ನಲ್ಲಿ ಅಪ್ಪನ ಹೆಸರು, ಬ್ಯಾಂಕ್‌ನಲ್ಲಿ ಇನ್ನೊಂದು. ವಿಮಾನದ ಟಿಕೆಟ್ ತೆಗೆಯುವಾಗ ಬೇರೆ ಯಾವುದನ್ನೂ ನೋಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅಕ್ಷರಕ್ಕೆ ಅಕ್ಷರ ಅದೇ ಹಾಕಿ. ಏಜೆಂಟ್ ಕೈಲಿ ಮಾಡಿಸಿದರೂ ಹಣ ಕೊಡುವ ಮೊದಲು ನೀವೇ ಒಮ್ಮೆ ಓದಿ.

ಪ್ರವೇಶಕ್ಕೆ ಇಟಿಎ ಅನ್ನುವ ಆನ್‌ಲೈನ್ ಅನುಮತಿಯ ವ್ಯವಸ್ಥೆ ಇದೆ. ಇದರ ಶುಲ್ಕ, ನಿಯಮ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿವೆ. ಆದ್ದರಿಂದ ಪಕ್ಕದ ಮನೆಯವರು ಹೋದ ವರ್ಷ ಏನು ಮಾಡಿದರು ಅಂತ ಕೇಳಿ ಪ್ರಯೋಜನವಿಲ್ಲ. ಟಿಕೆಟ್ ತೆಗೆಯುವ ವಾರ ಶ್ರೀಲಂಕಾ ಸರ್ಕಾರದ ತಾಣದಲ್ಲೇ ನೋಡಿ. ಅದೇ ಥರ ಕಾಣುವ ಖಾಸಗಿ ತಾಣಗಳು ಬಹಳ ಇವೆ, ಅವು ಮೇಲೆ ಕಮಿಷನ್ ಹಾಕುತ್ತವೆ. ಸರ್ಕಾರದ್ದಾದರೆ ವಿಳಾಸದ ಕೊನೆಯಲ್ಲಿ ಗವ್ ಡಾಟ್ ಎಲ್‌ಕೆ ಇರುತ್ತದೆ.

ಟೂರ್ ಪ್ಯಾಕೇಜ್ ತೆಗೆದುಕೊಂಡರೆ ಬಿಲ್ಲಿನಲ್ಲಿ ಟಿಸಿಎಸ್ ಅಂತ ಸ್ವಲ್ಪ ತೆರಿಗೆ ಹಣ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಮೇಲೆ ಜಮಾ ಆಗುತ್ತದೆ. ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು, ಮರೆಯಬೇಡಿ.

ದುಡ್ಡು, ಫೋನ್, ಪ್ಲಗ್

ಭಾರತದಿಂದ ಹೊರಡುವಾಗ ನಮ್ಮ ರೂಪಾಯಿ ನೋಟು ತಲೆಗೆ 25,000ದವರೆಗೆ ಇಟ್ಟುಕೊಳ್ಳಬಹುದು. ಸ್ವಲ್ಪ ಡಾಲರ್ ಇದ್ದರೆ ಒಳ್ಳೆಯದು. ಕೊಲಂಬೊ ವಿಮಾನ ನಿಲ್ದಾಣ ಇರುವುದು ನಗರದ ಉತ್ತರಕ್ಕೆ, ಕಟುನಾಯಕದಲ್ಲಿ. ಅಲ್ಲಿನ ಬ್ಯಾಂಕ್ ಕೌಂಟರ್‌ಗಳಲ್ಲಿ ಮೊದಲ ದಿನದ ಖರ್ಚಿಗಾಗುವಷ್ಟು ಬದಲಿಸಿಕೊಳ್ಳಿ. ಯುಪಿಐ 2024ರ ಫೆಬ್ರವರಿ 12ರಂದು ಶ್ರೀಲಂಕಾದಲ್ಲಿ ಶುರುವಾಯಿತು. ದೊಡ್ಡ ಅಂಗಡಿಗಳಲ್ಲಿ ನಡೆಯಬಹುದು. ಎಳನೀರು ಮಾರುವವರ ಹತ್ತಿರ, ಆಟೊದಲ್ಲಿ, ಹಳ್ಳಿ ಹೋಟೆಲ್‌ನಲ್ಲಿ ನೋಟೇ ಗತಿ. ಹೊರಡುವ ಮೊದಲು ನಿಮ್ಮ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಯುಪಿಐ ಚಾಲೂ ಮಾಡಿಕೊಳ್ಳಿ.

ಸಿಮ್ ಕೂಡ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ಆಟೊ, ಟ್ಯಾಕ್ಸಿಗೆ ಪಿಕ್‌ಮಿ ಅನ್ನುವ ಆ್ಯಪ್ ಹಾಕಿಕೊಂಡರೆ ಚೌಕಾಸಿ ತಪ್ಪುತ್ತದೆ. ಹೋಟೆಲ್‌ಗಳಲ್ಲಿ ಚೌಕ ಕಾಲಿನ ಮೂರು ಪಿನ್ ಸಾಕೆಟ್ ಜಾಸ್ತಿ, ಒಂದು ಅಡಾಪ್ಟರ್ ಇರಲಿ.

ಮೊದಲ ನೆಲೆ: ಕೆರೆಗಳ ನಾಡು

ಸಮುದ್ರ ನೋಡದ ನಮ್ಮಂಥವರು ಮೊದಲು ಸಮುದ್ರಕ್ಕೇ ಓಡುತ್ತೇವೆ, ಸಹಜ. ಆದರೂ ಕೋಲಾರದವರು ಮೊದಲು ನೋಡಬೇಕಾದದ್ದು ಸಿಗಿರಿಯಾ, ದಂಬುಲ್ಲ, ಪೊಲೊನ್ನರುವದ ಒಣಭೂಮಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಕಾರಣ ಇದೆ. ಅದೂ ನಮ್ಮ ಹಾಗೇ ಕೆರೆ ನಂಬಿ ಬದುಕಿದ ಸೀಮೆ. ವರ್ಷದಲ್ಲಿ ಕೆಲವೇ ತಿಂಗಳು ಬೀಳುವ ಮಳೆಯನ್ನು ಹಿಡಿದಿಟ್ಟು ಭತ್ತ ಬೆಳೆದ ಜನ ಅವರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರದ್ದು ಇನ್ನೂ ಕೆಳಗಿನದಕ್ಕೆ. ಈ ಸರಪಳಿ ಕೆರೆಗಳ ಲೆಕ್ಕ ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಸಾವಿರ ವರ್ಷಕ್ಕೂ ಹಳೆಯ ಕೆರೆಗಳು ಇನ್ನೂ ತುಂಬಿ ನಿಂತಿವೆ. ತೂಬಿನಿಂದ ನೀರು ಗದ್ದೆಗೆ ಹೋಗುತ್ತಿದೆ. ಏರಿಯ ಮೇಲೆ ನಿಂತು ಅದನ್ನು ನೋಡುವಾಗ ಹೊಟ್ಟೆಕಿಚ್ಚಾದರೆ ಆಗಲಿ ಬಿಡಿ.

ಕಟುನಾಯಕದಿಂದ ದಂಬುಲ್ಲಕ್ಕೆ ಮೂರೂವರೆ, ನಾಲ್ಕು ಗಂಟೆ ಪ್ರಯಾಣ. ಬೆಳಗಿನ ವಿಮಾನವಾದರೆ ನೇರ ಹೋಗಿಬಿಡಿ. ಸಿಗಿರಿಯಾ, ಹಬರಣ ಅಥವಾ ದಂಬುಲ್ಲದಲ್ಲಿ ಮೂರು ರಾತ್ರಿಗೆ ರೂಮು ಮಾಡಿ. ಎಲ್ಲಾ ಒಂದರ ಹತ್ತಿರ ಒಂದು ಇವೆ.

ಸಿಗಿರಿಯಾ ಬಂಡೆಯ ಮೇಲೆ ಅರಮನೆ ಕಟ್ಟಿದವನು ಕಾಶ್ಯಪ, ಆಳಿದ್ದು 477ರಿಂದ 495. ಅಪ್ಪ ಧಾತುಸೇನನನ್ನು ಕೊಲ್ಲಿಸಿ ಗದ್ದುಗೆ ಏರಿದವನು. ಅಲ್ಲಿನ ಹಳೆಯ ಚರಿತ್ರೆಯಲ್ಲಿ ಒಂದು ಕಥೆ ಬರುತ್ತದೆ. ನಿಧಿ ಎಲ್ಲಿಟ್ಟಿದ್ದೀಯ ತೋರಿಸು ಅಂತ ಮಗನ ಕಡೆಯವರು ಕೇಳಿದಾಗ, ಧಾತುಸೇನ ತಾನು ಕಟ್ಟಿಸಿದ ಕಾಲವೇವ ಕೆರೆಗೆ ಇಳಿದು ಬೊಗಸೆಯಲ್ಲಿ ನೀರೆತ್ತಿ, ನನ್ನ ಆಸ್ತಿ ಎಲ್ಲಾ ಇದೇ ಅಂದನಂತೆ. ಆ ಕೆರೆ ಇಂದಿಗೂ ಇದೆ. ದಂಬುಲ್ಲದಿಂದ ಅನುರಾಧಪುರದ ಕಡೆ ಹೋಗುವವರು ಸ್ವಲ್ಪ ಒಳಗೆ ತಿರುಗಿದರೆ ಸಿಗುತ್ತದೆ. ಯಾವ ಪ್ಯಾಕೇಜಿನಲ್ಲೂ ಇರುವುದಿಲ್ಲ, ಡ್ರೈವರ್‌ಗೆ ನೀವೇ ಹೇಳಬೇಕು.

ಬಂಡೆ ಹತ್ತಲು ಸುಮಾರು 1,200 ಮೆಟ್ಟಿಲು. ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟ ಹತ್ತಿದವರಿಗೆ ಇದು ಹೊಸದಲ್ಲ. ಉಳಿದವರು ಹೊರಡುವ ತಿಂಗಳು ಭಾನುವಾರ ಭಾನುವಾರ ಅಂತರಗಂಗೆ ಹತ್ತಿ ಇಳಿದು ಕಾಲು ಪಳಗಿಸಿಕೊಳ್ಳಿ. ಸಿಗಿರಿಯಾದಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕು. ಹತ್ತು ಗಂಟೆ ಮೇಲೆ ಬಂಡೆ ಕಾಯುತ್ತದೆ, ಕಬ್ಬಿಣದ ಮೆಟ್ಟಿಲ ಮೇಲೆ ಜನ ಸಾಲುಗಟ್ಟುತ್ತಾರೆ. ಬಂಡೆಯ ಸಂದುಗಳಲ್ಲಿ ಕಣಜದ ಗೂಡುಗಳಿವೆ, ಗಲಾಟೆ ಮಾಡಬೇಡಿ ಅನ್ನುವ ಬೋರ್ಡನ್ನು ತಮಾಷೆ ಅಂದುಕೊಳ್ಳಬೇಡಿ. ಟಿಕೆಟ್ ದುಬಾರಿ. ಸಾರ್ಕ್ ದೇಶದವರಿಗೆ ಅರ್ಧ ಬೆಲೆ ಇದೆ. ಅದಕ್ಕೆ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು, ರೂಮಿನಲ್ಲಿ ಬಿಟ್ಟು ಹೋಗಬೇಡಿ. ಮಂಡಿ ನೋವಿನವರು ಕೆಳಗಿನ ತೋಟ, ಕೊಳಗಳನ್ನು ನೋಡಿಕೊಂಡು ನೆರಳಲ್ಲಿ ಕೂತರೂ ಮೋಸವಿಲ್ಲ.

ಪೊಲೊನ್ನರುವಕ್ಕೆ ಪೂರ್ತಿ ಒಂದು ದಿನ ಇಡಿ. ಚೋಳರು 993ರಲ್ಲಿ ಅನುರಾಧಪುರವನ್ನು ಗೆದ್ದು, ಪೊಲೊನ್ನರುವವನ್ನು ರಾಜಧಾನಿ ಮಾಡಿಕೊಂಡರು. ನಮ್ಮ ಗಂಗವಾಡಿ ಅವರ ಕೈಸೇರಿದ್ದೂ ಅದೇ ಕಾಲದಲ್ಲಿ, 1004ರ ಸುಮಾರಿಗೆ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆಯಲ್ಲ, ಅದೇ ರಾಜೇಂದ್ರನ ಸೈನ್ಯ 1017ರಲ್ಲಿ ಸಿಂಹಳದ ರಾಜ ಐದನೇ ಮಹಿಂದನನ್ನು ಸೆರೆ ಹಿಡಿಯಿತು. ಪೊಲೊನ್ನರುವದಲ್ಲಿ ಎರಡನೇ ಶಿವ ದೇವಾಲೆ ಅಂತ ಬೋರ್ಡ್ ಇರುವ ಕಲ್ಲಿನ ಗುಡಿ ಚೋಳರ ಕಾಲದ್ದು. ಅದರ ಗೋಡೆ, ಚಿಕ್ಕ ಶಿಖರ ನೋಡಿದರೆ ಕೋಲಾರದ ಸುತ್ತಮುತ್ತ ಕಂಡದ್ದೇ ನೆನಪಾಗುತ್ತದೆ. ಪ್ರವಾಸಿಗರು ಇದನ್ನು ಎರಡು ನಿಮಿಷದಲ್ಲಿ ದಾಟಿ ಹೋಗುತ್ತಾರೆ. ನೀವು ನಿಲ್ಲಿ. 1070ರಲ್ಲಿ ಸಿಂಹಳದ ರಾಜ ವಿಜಯಬಾಹು ಚೋಳರನ್ನು ಓಡಿಸಿದ. ಆಮೇಲೆ ಬಂದ ಒಂದನೇ ಪರಾಕ್ರಮಬಾಹು ಊರ ಪಕ್ಕದ ಹಲವು ಕೆರೆ ಕೂಡಿಸಿ ಪರಾಕ್ರಮ ಸಮುದ್ರ ಮಾಡಿದ. ಬಿದ್ದ ಮಳೆಯ ಒಂದು ಹನಿಯೂ ಜನಕ್ಕೆ ಉಪಯೋಗವಾಗದೆ ಸಮುದ್ರ ಸೇರಬಾರದು ಅನ್ನುವುದು ಅವನ ಹೆಸರಲ್ಲಿ ಉಳಿದಿರುವ ಮಾತು. ಹೆಸರಿಗೆ ತಕ್ಕ ಕೆರೆ, ಆಚೆ ದಡ ಮಸುಕು ಮಸುಕು.

ಹಳೆ ಊರಿನ ಆವರಣ ದೊಡ್ಡದು. ಬಾಗಿಲ ಹತ್ತಿರ ಬಾಡಿಗೆ ಸೈಕಲ್ ಸಿಗುತ್ತದೆ, ಆಗದವರು ಆಟೊ ಮಾಡಿಕೊಳ್ಳಿ. ಕೊನೆಗೆ ಗಲ್ ವಿಹಾರ ಇಟ್ಟುಕೊಳ್ಳಿ. ಒಂದೇ ಬಂಡೆಯಲ್ಲಿ ಕಡೆದ ನಾಲ್ಕು ವಿಗ್ರಹ, ಮಲಗಿದ ಬುದ್ಧನದ್ದೇ 14 ಮೀಟರ್ ಉದ್ದ. ಸಂಜೆ ಹೊತ್ತು ಕಲ್ಲಿನ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ.

ಆಗಸ್ಟ್, ಸೆಪ್ಟೆಂಬರ್ ಆದರೆ ಒಂದು ಸಂಜೆ ಮಿನ್ನೇರಿಯ ಕೆರೆಗೆ ಜೀಪ್ ಮಾಡಿ. ಕೆರೆ ನೀರು ಇಳಿದು ಹಸಿ ಹುಲ್ಲು ಬರುವ ಕಾಲ, ಕಾಡಾನೆಗಳ ಹಿಂಡುಗಳು ಅಲ್ಲಿ ಕೂಡುತ್ತವೆ. ಕಾಮಸಮುದ್ರದ ಕಡೆಯ ರೈತರಿಗೆ ಆನೆ ಅಂದರೆ ಖುಷಿಯ ವಿಷಯವೇನಲ್ಲ, ಗೊತ್ತು. ಅಲ್ಲಿಯ ರೈತರದ್ದೂ ಅದೇ ಗೋಳು. ಬೆಳೆ ಕಾಯಲು ಮರದ ಮೇಲೆ ಕಟ್ಟಿಕೊಂಡ ಅಟ್ಟಣೆಗಳು ದಾರಿಯುದ್ದಕ್ಕೂ ಕಾಣುತ್ತವೆ.

ಎರಡನೆಯದು: ಕ್ಯಾಂಡಿ

ದಂಬುಲ್ಲದಿಂದ ಕ್ಯಾಂಡಿಗೆ ಹೋಗುವ ದಾರಿಯಲ್ಲಿ ಮಾತಲೆ ಸಿಗುತ್ತದೆ. ಅಲ್ಲಿ ಡ್ರೈವರ್ ಮಸಾಲೆ ತೋಟದ ಮುಂದೆ ಗಾಡಿ ನಿಲ್ಲಿಸುತ್ತಾನೆ. ಉಚಿತವಾಗಿ ಗಿಡ ತೋರಿಸಿ, ಕೊನೆಗೆ ಎಣ್ಣೆ, ಚೂರ್ಣದ ಬಾಟಲಿಗಳನ್ನು ಮುಂದಿಡುತ್ತಾರೆ. ರತ್ನದ ಅಂಗಡಿಗಳದ್ದೂ ಇದೇ ಕಥೆ. ಬೇಡ ಅಂತ ಮೊದಲ ದಿನವೇ ನಗುತ್ತಾ ಹೇಳಿಬಿಡಿ, ಅವರಿಗೂ ಬೇಜಾರಿಲ್ಲ.

ಕ್ಯಾಂಡಿಯ ದಳದಾ ಮಾಳಿಗಾವ ಬುದ್ಧನ ದಂತ ಇಟ್ಟಿರುವ ಗುಡಿ. ದಿನಕ್ಕೆ ಮೂರು ಪೂಜೆ. ಆ ಹೊತ್ತಿಗೆ ಹೋದರೆ ಡೋಲು, ಜನ, ಹೂವಿನ ತಟ್ಟೆ ಎಲ್ಲ ನೋಡಬಹುದು. ಪೆರಹೆರ ಹತ್ತು ರಾತ್ರಿಗಳ ಮೆರವಣಿಗೆ. ಕೊನೆಯ ಐದು ರಾತ್ರಿ ದಿನದಿಂದ ದಿನಕ್ಕೆ ಜೋರಾಗುತ್ತದೆ. ಆ ವಾರ ರೂಮು ಬೇಕಾದರೆ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು.

ಗುಡಿಗಳಲ್ಲಿ ನಡೆದುಕೊಳ್ಳುವ ರೀತಿ ನಮಗೆ ಅರ್ಧ ಗೊತ್ತಿರುವುದೇ. ಚಪ್ಪಲಿ, ಟೋಪಿ ಹೊರಗೆ. ಭುಜ, ಮಂಡಿ ಮುಚ್ಚಿರಬೇಕು, ಗಂಡಸರ ಚಡ್ಡಿಗೂ ಈ ಮಾತು ಅನ್ವಯ. ಬಿಸಿ ಬಂಡೆಯ ಮೇಲೆ ನಡೆಯಲು ಕಾಲುಚೀಲ ಇಟ್ಟುಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ. ಗೊತ್ತಿಲ್ಲದೆ ತಪ್ಪುವುದು ಫೋಟೊದಲ್ಲಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅಲ್ಲಿ ದೊಡ್ಡ ಅವಮಾನ. ವಿಗ್ರಹದ ಫೋಟೊ ತೆಗೆಯಿರಿ, ಮುಂದೆ ನಿಂತು ಪೋಸ್ ಕೊಡಬೇಡಿ. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು 2014ರಲ್ಲಿ ವಿಮಾನ ನಿಲ್ದಾಣದಲ್ಲೇ ತಡೆದು ವಾಪಸ್ ಕಳಿಸಿದ್ದರು. ಬುದ್ಧನ ಚಿತ್ರದ ಟೀ ಶರ್ಟ್ ಕೂಡ ಮನೆಯಲ್ಲೇ ಇರಲಿ.

ಪ್ರತಿ ಹುಣ್ಣಿಮೆ ಅಲ್ಲಿ ಪೋಯಾ, ಸರ್ಕಾರಿ ರಜೆ. ಆ ದಿನ ಮದ್ಯ, ಮಾಂಸ ಮಾರುವುದಿಲ್ಲ. ಗುಡಿಗಳಲ್ಲಿ ಬಿಳಿ ಬಟ್ಟೆ ತೊಟ್ಟ ಜನ ತುಂಬಿರುತ್ತಾರೆ. ಮೇ ತಿಂಗಳ ಹುಣ್ಣಿಮೆ ವೆಸಾಕ್, ನಮ್ಮ ಬುದ್ಧ ಪೂರ್ಣಿಮೆ. ಮನೆಮನೆಗೆ ಕಾಗದದ ಗೂಡುದೀಪ, ರಸ್ತೆ ಬದಿ ದನ್ಸಲ ಅನ್ನುವ ಚಪ್ಪರಗಳಲ್ಲಿ ದಾರಿಹೋಕರಿಗೆಲ್ಲ ಉಚಿತ ಊಟ. ಕರೆದರೆ ಸಂಕೋಚಪಡದೆ ಕೂತು ಉಣ್ಣಿ. ದುಡ್ಡು ಕೊಡಲು ಹೋಗಬೇಡಿ.

ಮೂರನೆಯದು: ಬೆಟ್ಟವೋ ಕಡಲೋ, ಒಂದು ಮಾತ್ರ

ಇಲ್ಲಿ ಮನಸ್ಸು ಗಟ್ಟಿ ಮಾಡಿ. ಎರಡೂ ಬೇಕು ಅಂದರೆ ಮತ್ತೆ ವ್ಯಾನಿನ ಕಿಟಕಿಯೇ.

ಬೆಟ್ಟ ಆರಿಸಿದವರಿಗೆ ಕ್ಯಾಂಡಿಯಿಂದ ‘ನಾನು ಓಯ’ ಮತ್ತು ‘ಎಲ್ಲ’ ಅನ್ನುವ ಊರುಗಳ ಕಡೆಗೆ ಹೋಗುವ ರೈಲು ಇದೆ. ಚಹಾ ತೋಟಗಳ ನಡುವೆ ನಿಧಾನಕ್ಕೆ ಏರುತ್ತದೆ. ‘ಎಲ್ಲ’ ಊರಿನವರೆಗೆ ಆರೇಳು ಗಂಟೆ. ಮುಂಗಡ ಟಿಕೆಟ್ 30 ದಿನ ಮೊದಲು ತೆರೆಯುತ್ತದೆ, ಬೇಗ ಖಾಲಿಯಾಗುತ್ತದೆ. ಮೊದಲ ದರ್ಜೆಯ ಎಸಿ ಡಬ್ಬಿಯ ಕಿಟಕಿ ತೆಗೆಯಲು ಬರುವುದಿಲ್ಲ, ಎರಡನೇ ದರ್ಜೆಯ ಮುಂಗಡ ಸೀಟೇ ಮೇಲು. ಬಾಗಿಲಲ್ಲಿ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುವ ಚಟಕ್ಕೆ ಪ್ರಾಣ ಹೋದ ಉದಾಹರಣೆಗಳಿವೆ, ಮಕ್ಕಳ ಮೇಲೆ ಕಣ್ಣಿರಲಿ. ಇನ್ನೊಂದು ವಿಷಯ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತ ಈ ಬೆಟ್ಟದ ರೈಲು ಹಳಿಗಳಿಗೆ ಭಾರಿ ಪೆಟ್ಟು ಕೊಟ್ಟಿತು. ಯಾವ ನಿಲ್ದಾಣದಿಂದ ಎಲ್ಲಿವರೆಗೆ ರೈಲು ಓಡುತ್ತಿದೆ ಅಂತ ವಿಚಾರಿಸಿಯೇ ಮುಂದಿನ ರೂಮು ಮಾಡಿ.

ನುವರ ಎಲಿಯ ಇರುವುದು 1,868 ಮೀಟರ್ ಎತ್ತರದಲ್ಲಿ. ಸ್ವೆಟರ್ ಬೇಕೇ ಬೇಕು. ಅಲ್ಲಿಗೆ ಹತ್ತಿರದ ಸೀತಾ ಎಲಿಯದಲ್ಲಿ ಸೀತೆಯ ಗುಡಿ ಇದೆ, ಅಶೋಕವನ ಅದೇ ಅನ್ನುವುದು ನಂಬಿಕೆ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಸೀತೆ ಲವಕುಶರನ್ನು ಹೆತ್ತಳು ಅಂತ ಕೇಳುತ್ತಾ ಬೆಳೆದ ಅಜ್ಜಿಯಂದಿರಿಗೆ ಈ ಒಂದು ಗುಡಿ ಸಾಕು, ಪ್ರವಾಸ ಸಾರ್ಥಕ. ರಾಮಾಯಣ ಯಾತ್ರೆ ಅಂತ ಹತ್ತಾರು ಜಾಗ ಸುತ್ತಿಸುವ ಪ್ಯಾಕೇಜ್ ಬೇರೆ ಇವೆ. ಅವರಿಗೆ ಅಷ್ಟು ಓಡಾಟ ಬೇಡ.

ತೋಟಗಳಲ್ಲಿ ದುಡಿಯುವವರು ಹೆಚ್ಚಿನವರು ತಮಿಳರು. ಬ್ರಿಟಿಷರ ಕಾಲದಲ್ಲಿ ಕೆಜಿಎಫ್ ಗಣಿಗೆ ಬಂದವರ ಹಾಗೇ, ಇವರ ಹಿರಿಯರೂ ತಮಿಳು ಜಿಲ್ಲೆಗಳಿಂದ ಕೂಲಿಗೆ ಬಂದವರು. 1867ರಲ್ಲಿ ಚಹಾ ಬೆಳೆ ಶುರುವಾಗುವ ಮೊದಲು ಕಾಫಿ ತೋಟಗಳಿಗೂ ಬಂದಿದ್ದರು. ಇಂದಿಗೂ ಎಷ್ಟೋ ಕುಟುಂಬ ಸಾಲುಮನೆಗಳಲ್ಲೇ ಇವೆ. ನಮ್ಮ ಜಿಲ್ಲೆಯಲ್ಲಿ ತಮಿಳು ಬರುವವರಿಗೆ ಬರವಿಲ್ಲ. ಎರಡು ಮಾತು ಆಡಿ, ಕೇಳಿ ಫೋಟೊ ತೆಗೆಯಿರಿ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡವರನ್ನು ಸುಮ್ನೆ ಕ್ಲಿಕ್ಕಿಸಿ ಹೋಗುವುದು ಸರಿಯಲ್ಲ ಅಲ್ವಾ?

ಕಡಲು ಬೇಕಾದವರು ಡಿಸೆಂಬರ್‌ನಿಂದ ಮಾರ್ಚ್‌ ಒಳಗೆ ಗಾಲೆ, ಮೇಯಿಂದ ಸೆಪ್ಟೆಂಬರ್ ಒಳಗೆ ಟ್ರಿಂಕೋಮಲಿ ಅಂತ ಇಟ್ಟುಕೊಳ್ಳಿ. ಗಾಲೆಯ ಕೋಟೆಗೆ ಮೊದಲು ಕೈಹಾಕಿದವರು ಪೋರ್ಚುಗೀಸರು. ಈಗ ಕಾಣುವ ಗಟ್ಟಿ ಗೋಡೆ ಡಚ್ಚರದ್ದು. ಕೋಟೆಯೊಳಗೆ ಇಂದಿಗೂ ಜನ ವಾಸವಿದ್ದಾರೆ, ಮಸೀದಿ, ಚರ್ಚು, ಶಾಲೆ ಎಲ್ಲ ಇದೆ. ಸಂಜೆ ಗೋಡೆಯ ಮೇಲೆ ಒಂದು ಸುತ್ತು ಹಾಕಿ. ಟ್ರಿಂಕೋಮಲಿಯಲ್ಲಿ ಬಂಡೆಯ ತುದಿಯ ಮೇಲೆ ಕೋಣೇಶ್ವರ ಇದ್ದಾನೆ.

ಈಜು ಬಾರದವರು ಮಂಡಿ ಆಳಕ್ಕಿಂತ ಮುಂದೆ ಹೋಗಬೇಡಿ. ನಮ್ಮ ಬಯಲುಸೀಮೆಯಲ್ಲಿ ಬಾವಿ, ಕೆರೆಯಲ್ಲಿ ಈಜು ಕಲಿತವರಿಗೂ ಇದೇ ಮಾತು. ನಿಂತ ನೀರಿನ ಈಜು ಬೇರೆ, ದಡದಿಂದ ಒಳಕ್ಕೆ ಎಳೆಯುವ ಸಮುದ್ರದ ಸೆಳೆತ ಬೇರೆ. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯುವುದೇ ಬೇಡ.

ಊಟ

ಸಸ್ಯಾಹಾರಿಗಳಿಗೆ ಹಸಿವಿನ ಭಯ ಬೇಡ. ಅನ್ನದ ಸುತ್ತ ನಾಲ್ಕೈದು ಪಲ್ಯ, ಪರಿಪ್ಪು ಅನ್ನುವ ಬೇಳೆ, ಎಳೆ ಹಲಸಿನ ಪೊಳೊಸ್ ಸಾರು, ಬೆಳಿಗ್ಗೆ ಆಪ್ಪ ಅಥವಾ ಒತ್ತು ಶಾವಿಗೆಯಂಥ ಇಂದಿ ಆಪ್ಪ. ಎಚ್ಚರ ಬೇಕಾದದ್ದು ಒಂದರಲ್ಲಿ. ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ, ಕೆಲವು ತರಕಾರಿ ಪಲ್ಯದಲ್ಲೂ, ಉಂಬಲಕಡ ಅನ್ನುವ ಒಣ ಮೀನಿನ ಪುಡಿ ಹಾಕುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ. ವೆಜ್ ಅಂತ ಹೇಳಿದರೂ ಹಾಕಿರಬಹುದು, ಏಕೆಂದರೆ ಅವರ ಲೆಕ್ಕದಲ್ಲಿ ಅದು ಒಗ್ಗರಣೆ ಇದ್ದ ಹಾಗೆ. ಆದ್ದರಿಂದ ಉಂಬಲಕಡ ಅಂತ ಹೆಸರು ಹೇಳಿಯೇ ಕೇಳಿ.

ಮುದ್ದೆ ಇಲ್ಲದೆ ಇರಲಾರೆ ಅನ್ನುವ ಅಪ್ಪ, ಮಾವಂದಿರಿಗೆ ಒಳ್ಳೆಯ ಸುದ್ದಿ. ಅಲ್ಲಿ ರಾಗಿಗೆ ಕುರಕ್ಕನ್ ಅನ್ನುತ್ತಾರೆ. ಒಣಭೂಮಿಯ ಹಳ್ಳಿ ಊಟದ ಮನೆಗಳಲ್ಲಿ ಕುರಕ್ಕನ್ ರೊಟ್ಟಿ ಸಿಗುತ್ತದೆ. ಕುರಕ್ಕನ್ ತಲಪ ಕೇಳಿ ಮಾಡಿಸಿಕೊಂಡರೆ ನಮ್ಮ ಮುದ್ದೆಯ ದಾಯಾದಿಯೇ. ಬಸ್ಸಾರು ಮಾತ್ರ ಕೇಳಬೇಡಿ. ಊಟದ ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ ಕಿತುಲ್ ಪಾನಿ ಅನ್ನುವ ಬೈನೆ ಮರದ ಸಿಹಿ ಪಾಕ. ದಾರಿಯಲ್ಲಿ ಬಾಯಾರಿದರೆ ತಂಬಿಲಿ, ಕೇಸರಿ ಬಣ್ಣದ ಎಳನೀರು. ನಲ್ಲಿ ನೀರು ಕುಡಿಯಬೇಡಿ.

ಮೈಗೆ ಬೇಕಾದ ಎಚ್ಚರ

ನಮ್ಮದು ಎಂಟುನೂರು ಮೀಟರ್ ಮೇಲಿನ ಒಣ ಹವೆ. ಅಲ್ಲಿ ಕೆಳನಾಡಿನಲ್ಲಿ ನೆರಳಲ್ಲಿ ಕೂತರೂ ಬೆವರು. ಹತ್ತಿ ಬಟ್ಟೆ ಇರಲಿ, ಹನ್ನೊಂದರಿಂದ ಮೂರರವರೆಗೆ ಹಿರಿಯರನ್ನು ಬಿಸಿಲಿಗೆ ಎಳೆಯಬೇಡಿ. ಮಲೇರಿಯಾ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಪ್ರಮಾಣಪತ್ರ ಕೊಟ್ಟಿದೆ. ಡೆಂಗಿ ಮಾತ್ರ ಇದೆ, ಸೊಳ್ಳೆ ಮುಲಾಮು ಹಗಲಲ್ಲೂ ಹಚ್ಚಿ. ಸಿಂಹರಾಜದಂಥ ಮಳೆಕಾಡಿಗೆ ಹೋದರೆ ಇಂಬಳದ ಕಾಲುಚೀಲ ಬೇಕು. ಬಿಪಿ, ಶುಗರ್ ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲೇ ಇಡಿ.

ವಾಪಸ್ ಬರುವ ಮುನ್ನ

ಕೊನೆಯ ರಾತ್ರಿಯನ್ನು ಕೊಲಂಬೊದಲ್ಲಿ ಕಳೆಯುವುದಕ್ಕಿಂತ ನಿಗೊಂಬೊದಲ್ಲಿ ಕಳೆಯಿರಿ. ವಿಮಾನ ನಿಲ್ದಾಣಕ್ಕೆ ಅದೇ ಹತ್ತಿರ, ನಗರದ ಟ್ರಾಫಿಕ್ ಭಯವಿಲ್ಲ. ಚಹಾ ಕೊಳ್ಳುವಾಗ ಪೊಟ್ಟಣದ ಮೇಲೆ ಸಿಂಹದ ಮುದ್ರೆ ನೋಡಿ. ಅದು ಇದ್ದರೆ ಪೂರ್ತಿ ಸಿಲೋನ್ ಚಹಾ, ಅಲ್ಲೇ ಪ್ಯಾಕ್ ಆದದ್ದು. ಸೂಪರ್ ಮಾರ್ಕೆಟ್‌ನಲ್ಲಿ ಕೊಂಡರೆ ಪ್ರವಾಸಿ ಅಂಗಡಿಗಿಂತ ಕಡಿಮೆ. ಕಿತುಲ್ ಪಾನಿಯ ಬಾಟಲಿ ದೊಡ್ಡ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಉಳಿದ ಶ್ರೀಲಂಕಾ ರೂಪಾಯಿಯನ್ನು ಅಲ್ಲೇ ಬದಲಿಸಿಬಿಡಿ, ಕೋಲಾರದಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.

ದೇವನಹಳ್ಳಿಯಲ್ಲಿ ಇಳಿದ ಮೇಲೆ ಊರಿಗೆ ಬರುವ ಗಾಡಿಯನ್ನು ಹೋಗುವಾಗಲೇ ಮಾತಾಡಿಟ್ಟಿರಿ. ನಿಲ್ದಾಣದ ಟ್ಯಾಕ್ಸಿಯವರು ಕೋಲಾರ ಅಂದ ಕೂಡಲೇ ಖಾಲಿ ವಾಪಸ್ ಬರಬೇಕು ಅಂತ ಎರಡೂ ಕಡೆ ಬಾಡಿಗೆ ಕೇಳುತ್ತಾರೆ. ಊರಿನ ಗಾಡಿಯಾದರೆ ಹೊಸಕೋಟೆಯಲ್ಲಿ ಕಾಫಿಗೆ ನಿಲ್ಲಿಸಿ ಅಂತಲೂ ಹೇಳಬಹುದು.